ಚೀನಾದ ಪೇಟೆಯಲ್ಲಿ ಆಪಲ್: ಮಾರಾಟದ ಹಿಂದಿನ ಕರಾರುಗಳು

ಅಮೆರಿಕದ ಆಪಲ್ ಕಂಪನಿಯು ಹಾಂಗ್‌ಕಾಂಗ್ ಹಾಗೂ ತೈವಾನ್‌ಗಳನ್ನೂ ಒಳಗೊಂಡ ಚೀನಾ ವಲಯದಲ್ಲಿ 2010ರ ಆರ್ಥಿಕ ವರ್ಷದಲ್ಲಿ ಮಾಡಿದ ಮಾರಾಟ 300 ಕೋಟಿ ಡಾಲರುಗಳನ್ನೂ ಮುಟ್ಟಿರಲಿಲ್ಲ. 2015ರಲ್ಲಿ ಅದು 5,800 ಕೋಟಿ ಡಾಲರುಗಳನ್ನು ದಾಟಿತು. ಕಂಪ್ಯೂಟರ್ ತಯಾರಿಕೆಯಿಂದ ಹೆಸರಾದ ಈ ಸಂಸ್ಥೆಯ ಏರಿಕೆಗೆ ಐಫೋನಿನ ಆಕರ್ಷಣೆಯೇ ಕಾರಣವೆನ್ನುವುದು ವಾಡಿಕೆ. ಅದು ಸುಳ್ಳಲ್ಲ. ಆದರೆ ಕರಾರುಪತ್ರಗಳನ್ನು ಓದುವುದೇ ವೃತ್ತಿಯಾಗಿರುವ ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಸಂಗತಿ ಬೇರೆ: ಪರದೇಶದ ಈ ವ್ಯಾಪಾರಿ ಆ ನೆಲದ ಕಾನೂನಿಗೆ ಎಲ್ಲೆಲ್ಲಿ ಬಾಗಬೇಕಾಯಿತು, ಅದರಿಂದ ಗಿರಾಕಿಗೆ ಏನು ದಕ್ಕಿತು?

2008ರ ಒಲಿಂಪಿಕ್ಸ್‌ಗೆ ತುಸು ಮುನ್ನ ಬೀಜಿಂಗಿನಲ್ಲಿ ಆಪಲ್‌ನ ಮೊದಲ ಮಳಿಗೆ ತೆರೆಯಿತು. ಮರುವರ್ಷ ಚೀನಾ ಯುನಿಕಾಮ್ ಮೂಲಕ ಬಂದ ಐಫೋನಿನಲ್ಲಿ ಅಲ್ಲಿನ ನಿಯಮಗಳ ಕಾರಣ ವೈಫೈ ಕೂಡ ಇರಲಿಲ್ಲ. ಅಪಾರ ಚಂದಾದಾರರುಳ್ಳ ಚೀನಾ ಮೊಬೈಲ್ ಜೊತೆಗಿನ ಮಾರಾಟ 2014ರ ಜನವರಿಯಲ್ಲಿ ಆರಂಭವಾಯಿತು. ಅದೇ ವರ್ಷ ದೊಡ್ಡ ಪರದೆಯ ಐಫೋನ್ 6 ಬಂದಾಗ ವ್ಯಾಪಾರ ಭರದಿಂದ ಏರಿತು.

ಇದಕ್ಕೂ ಮುನ್ನ ನಡೆದ ಐಪ್ಯಾಡ್ ವ್ಯಾಜ್ಯ ಕಾನೂನಿನ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಚೀನಾದಲ್ಲಿ ಆ ಹೆಸರನ್ನು ಪ್ರೊವ್ಯೂ ಎಂಬ ಮಾನಿಟರ್ ತಯಾರಿಕಾ ಸಮೂಹದ ಶೆಂಜೆನ್ ಕಂಪನಿಯು 2001ರಲ್ಲಿಯೇ ನೋಂದಾಯಿಸಿಕೊಂಡಿತ್ತು. ಆಪಲ್ ತನ್ನ ಗುರುತನ್ನು ಮರೆಮಾಡಿ, ಬ್ರಿಟನ್ನಿನಲ್ಲಿ ಹುಟ್ಟುಹಾಕಿಸಿದ ಕಂಪನಿಯೊಂದರ ಮೂಲಕ 2009ರ ಡಿಸೆಂಬರಿನಲ್ಲಿ 35,000 ಪೌಂಡುಗಳಿಗೆ ಹೆಸರಿನ ಹಕ್ಕನ್ನು ಖರೀದಿಸಿತು. ಆದರೆ ಪತ್ರಕ್ಕೆ ಸಹಿ ಮಾಡಿದ್ದು ಅದೇ ಸಮೂಹದ ತೈವಾನ್ ಕಂಪನಿ! ಜಮೀನು ತಮ್ಮನ ಹೆಸರಿನಲ್ಲಿದ್ದಾಗ ಅಣ್ಣನಿಂದ ಕ್ರಯಪತ್ರ ಬರೆಸಿಕೊಂಡಂತಾಯಿತು. ಇಂತಹ ತಪ್ಪನ್ನು ಹಳ್ಳಿಯ ಪತ್ರಬರಹಗಾರನೂ ಮಾಡಲಾರ. ಶೆಂಜೆನ್ ನ್ಯಾಯಾಲಯವು 2011ರ ಕೊನೆಯಲ್ಲಿ ಆಪಲ್‌ನ ದಾವೆಯನ್ನು ವಜಾಗೊಳಿಸಿತು. ಕೆಲವು ಊರುಗಳ ಅಂಗಡಿಗಳಿಂದ ಐಪ್ಯಾಡುಗಳನ್ನು ತೆಗೆಸಲಾಯಿತು. ಮೇಲ್ಮನವಿಯ ಹಂತದಲ್ಲಿ ಗ್ವಾಂಗ್‌ಡಾಂಗ್ ಉಚ್ಚ ನ್ಯಾಯಾಲಯದ ಮಧ್ಯಸ್ಥಿಕೆಯಿಂದ ರಾಜಿಯಾಗಿ, 2012ರ ಜುಲೈಯಲ್ಲಿ ಅದು ಪ್ರಕಟವಾಯಿತು. ಆಪಲ್ ತೆತ್ತದ್ದು 6 ಕೋಟಿ ಡಾಲರು. ಅದೇ ತಿಂಗಳು ಹೊಸ ಐಪ್ಯಾಡ್ ಚೀನಾದ ಅಂಗಡಿಗಳನ್ನು ಸೇರಿತು.

ಮರುವರ್ಷದ ಪ್ರಸಂಗ ನೇರವಾಗಿ ಗಿರಾಕಿಯದು. ಗ್ರಾಹಕ ದಿನವಾದ ಮಾರ್ಚ್ 15ರಂದು ಸರ್ಕಾರಿ ದೂರದರ್ಶನವು ಆಪಲ್‌ನ ವಾರಂಟಿ ನೀತಿಯನ್ನು ಟೀಕಿಸಿತು. ಕೆಟ್ಟ ಫೋನನ್ನು ಬದಲಿಸುವಾಗ ಹಳೆಯ ಹಿಂಬದಿ ಕವಚವನ್ನೇ ಉಳಿಸಿ, ಹೊಸದಾಗಿ ಒಂದು ವರ್ಷದ ವಾರಂಟಿ ಕೊಡುವುದನ್ನು ತಪ್ಪಿಸುತ್ತಾರೆಂಬುದು ಆರೋಪ. ಏಪ್ರಿಲ್ 1ರಂದು ಮುಖ್ಯಾಧಿಕಾರಿ ಟಿಮ್ ಕುಕ್ ಚೀನೀ ಭಾಷೆಯಲ್ಲಿಯೇ ಕ್ಷಮಾಪಣಾ ಪತ್ರವನ್ನು ಪ್ರಕಟಿಸಿ, ನೀತಿಯನ್ನು ಬದಲಿಸಿದರು. ಟೀಕೆಯ ಹಿಂದೆ ಸರ್ಕಾರದ ಲೆಕ್ಕಾಚಾರವೂ ಇದ್ದಿರಬಹುದು. ಆದರೂ ಗಿರಾಕಿಗೆ ಲಾಭವಾಯಿತು, ಉತ್ತರವೂ ಅವನ ನುಡಿಯಲ್ಲಿಯೇ ಬಂದಿತು. ನಮ್ಮ ಮನೆಗಳಿಗೆ ಬರುವ ಎಷ್ಟು ವಾರಂಟಿ ಚೀಟಿಗಳಲ್ಲಿ ಕನ್ನಡವಿದೆ? ಓದುಗರು ಒಮ್ಮೆ ಪೆಟ್ಟಿಗೆ ತೆರೆದು ನೋಡಲಿ.

ಆದರೆ ಕಾನೂನಿಗೆ ಬಾಗುವುದರಿಂದ ಯಾವಾಗಲೂ ಗಿರಾಕಿಗೆ ಹಿತವಾಗುತ್ತದೆಯೆನ್ನಲಾಗದು. 2017ರಲ್ಲಿ ಜಾರಿಗೆ ಬಂದ ಸೈಬರ್ ಭದ್ರತಾ ಕಾನೂನಿನ ಬೆನ್ನಲ್ಲೇ ಚೀನೀ ಬಳಕೆದಾರರ ಐಕ್ಲೌಡ್ ಸೇವೆಯನ್ನು 2018ರ ಫೆಬ್ರವರಿ 28ರಿಂದ ಗುಯಿಝೌ ಪ್ರಾಂತ ಸರ್ಕಾರದ ಒಡೆತನದ ಕಂಪನಿಯೊಂದಕ್ಕೆ ವಹಿಸಲಾಯಿತು. ಜನರ ಚಿತ್ರ, ಪತ್ರಗಳಷ್ಟೇ ಅಲ್ಲ, ಅವುಗಳನ್ನು ತೆರೆಯುವ ಗೂಢಲಿಪಿಯ ಕೀಲಿಗಳೂ ಚೀನಾದೊಳಗೇ ಇರತೊಡಗಿದವು. ಒಪ್ಪದವರಿಗೆ ಉಳಿದದ್ದು ಖಾತೆಯನ್ನು ಮುಚ್ಚುವ ದಾರಿ. ವಾರಂಟಿಯ ವಿಷಯದಲ್ಲಿ ಗಿರಾಕಿಯ ಪರವಾಗಿ ನಿಂತ ಸರ್ಕಾರವೇ ಇಲ್ಲಿ ಅವನ ಕೋಣೆಯ ಬೀಗದ ಬಳಿ ನಿಂತಿತ್ತು.

ಮಾರಾಟದ ಲೆಕ್ಕದಲ್ಲಿ ಇದರ ಕಲೆ ಕಾಣದು. 2022ರಲ್ಲಿ ವರಮಾನ 7,400 ಕೋಟಿ ಡಾಲರುಗಳನ್ನು ದಾಟಿತು. 2024ರಲ್ಲಿ 6,700 ಕೋಟಿಗೆ ಇಳಿಯುವ ಹೊತ್ತಿಗೆ, ಎದುರಿಗೆ ಹೊಸ ಫೋನುಗಳೊಡನೆ ಚೀನಾದ್ದೇ ಆದ ಹುವಾವೆ ಮತ್ತೆ ನಿಂತಿತ್ತು.