ಹೊಲಿಗೆ ನಮ್ಮದು, ಹೆಸರೂ ನಮ್ಮದಾಗಲಿ

ಸೋಗಾನೆ ಎಂದರೆ ಈಗ ವಿಮಾನ ನಿಲ್ದಾಣ. 2023ರ ಫೆಬ್ರುವರಿ 27ರಂದು ಅದು ಉದ್ಘಾಟನೆಯಾದ ಮೇಲೆ ನಮ್ಮೂರಿನ ಹೆಸರು ಹೇಳಿದರೆ ‘ಅದೆಲ್ಲಿ ಬರುತ್ತೆ?’ ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಆದರೆ ನಮ್ಮ ಕಡೆ ವಿಮಾನ ಹತ್ತುವವರಿಗಿಂತ, ಬೆಳಗಾಗುತ್ತಲೇ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಬಸ್ ಹತ್ತುವವರೇ ಹೆಚ್ಚು. ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ದಿನವೂ ಹೋಗುತ್ತಾರೆ. ಅವರ ಕೈಯಲ್ಲಿ ಸಿದ್ಧವಾದ ಬಟ್ಟೆ ಯಾವುದೋ ದೂರದ ಬ್ರ್ಯಾಂಡಿನ ಹೆಸರು ಹೊತ್ತು ಹೋಗುತ್ತದೆ.

ಆ ಕೆಲಸವನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ತಿಂಗಳ ಸಂಬಳ, ಪಿಎಫ್, ಇಎಸ್‌ಐ ಎಷ್ಟೋ ಮನೆಗಳಿಗೆ ಆಧಾರ. ನನ್ನ ಜೊತೆ ಪಿಯುಸಿ ಓದಿದವರಲ್ಲಿ ಕೆಲವರು ಅಂಥ ಬಸ್ಸಿನಲ್ಲಿದ್ದಾರೆ. ಇನ್ನು ಕೆಲವರು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಹಾಕುತ್ತಾರೆ, ಆರಿ ವರ್ಕ್ ಮಾಡುತ್ತಾರೆ. ಎಲ್ಲರ ಬಾಯಲ್ಲೂ ಒಂದಲ್ಲ ಒಂದು ದಿನ ಬರುವ ಮಾತು: ‘ನಮ್ಮದೇ ಒಂದು ಬ್ರ್ಯಾಂಡ್ ಮಾಡಬೇಕು.’ ನಾನು ಓದುತ್ತಿರುವ ಬಿಇ ಕ್ಲಾಸಿನಲ್ಲಿ ಮಾತ್ರ ಸ್ಟಾರ್ಟಪ್ ಎಂದರೆ ಆ್ಯಪ್. ಬಟ್ಟೆಯ ವಿಷಯ ಎತ್ತಿದರೆ ‘ಅದು ಟೈಲರಿಂಗ್ ಅಲ್ವೇನೋ’ ಎಂದು ನಗುತ್ತಾರೆ.

ಹಾಗಾದರೆ ಸಣ್ಣ ಊರಿನಿಂದ ಸ್ವತಂತ್ರವಾಗಿ ಒಂದು ಉಡುಪಿನ ಉದ್ಯಮ ಕಟ್ಟಲು ಸಾಧ್ಯವೇ? ಸಾಧ್ಯ ಎನ್ನುವುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಅದು ಎಷ್ಟು ಕಷ್ಟ ಎನ್ನುವುದಕ್ಕೂ ಅದೇ ಸಾಕ್ಷಿ.

ಭೀಮನಕೋಣೆಯ ‘ಚರಕ’

ಸಾಗರ ತಾಲ್ಲೂಕಿನಲ್ಲಿ, ನೀನಾಸಂ ಇರುವ ಹೆಗ್ಗೋಡಿನ ಪಕ್ಕದಲ್ಲಿ ಭೀಮನಕೋಣೆ ಎಂಬ ಹಳ್ಳಿಯಿದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಅಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಆರಂಭವಾಯಿತು. ಮಲೆನಾಡು ನೇಯ್ಗೆಗೆ ಹೆಸರಾದ ಸೀಮೆಯಲ್ಲ. ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡದಂತೆ ತಲೆತಲಾಂತರದಿಂದ ಮಗ್ಗ ನಡೆಸಿದ ಮನೆಗಳು ಇಲ್ಲಿರಲಿಲ್ಲ. ಅಡಿಕೆ ಸುಲಿಯುವ, ಗದ್ದೆ ನಾಟಿ ಮಾಡುವ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಬಣ್ಣ ಹಾಕುವುದು, ನೇಯುವುದು, ಅಚ್ಚು ಒತ್ತುವುದು, ಹೊಲಿಯುವುದು ಎಲ್ಲವನ್ನೂ ಹೊಸದಾಗಿ ಕಲಿತರು.

ಅವರ ಕೈಮಗ್ಗದ ಜುಬ್ಬಾ, ಕುರ್ತಾ, ಸೀರೆಗಳನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕಾರಣ ಬಣ್ಣ. ಅಡಿಕೆ ಬೇಯಿಸಿದಾಗ ಸಿಗುವ ಚೊಗರು ನಮ್ಮ ಅಮ್ಮಂದಿರಿಗೆ ಬಟ್ಟೆಗೆ ತಾಗಿದರೆ ಹೋಗದ ಕಲೆ. ಚರಕದವರು ಅದನ್ನೇ ಬಣ್ಣ ಮಾಡಿಕೊಂಡರು. ದಾಳಿಂಬೆ ಸಿಪ್ಪೆ, ನೀಲಿ ಮುಂತಾದ ನೈಸರ್ಗಿಕ ಬಣ್ಣಗಳೂ ಜೊತೆಗೆ ಸೇರಿದವು. ಫ್ಯಾಷನ್ ಡಿಸೈನ್ ಎಂದರೆ ರ್‍ಯಾಂಪ್ ಮೇಲಿನ ವಿಚಿತ್ರ ಉಡುಪು ಎಂದುಕೊಂಡವರಿಗೆ ಇದು ಮೊದಲ ಪಾಠ. ಊರಿನಲ್ಲಿ ಸಿಗುವ ಒಂದು ವಸ್ತುವನ್ನು ಬೇರೆಯವರು ನೋಡದ ರೀತಿಯಲ್ಲಿ ನೋಡುವುದೂ ಡಿಸೈನೇ.

ಎರಡನೆಯ ಪಾಠ ಮಾರಾಟದ್ದು. ಹಳ್ಳಿಯಲ್ಲಿ ನೇಯ್ದ ಬಟ್ಟೆಯನ್ನು ಹಳ್ಳಿಯಲ್ಲೇ ಇಟ್ಟುಕೊಂಡು ಕೂತರೆ ಕೊಳ್ಳುವವರು ಯಾರು? ಅದಕ್ಕಾಗಿ ‘ದೇಸಿ’ ಹೆಸರಿನ ಅಂಗಡಿಗಳು ಹುಟ್ಟಿದವು. ತಯಾರಿಕೆ ಚರಕದ್ದು, ಬೆಂಗಳೂರಿನಂಥ ನಗರಗಳಲ್ಲಿ ಮಾರುವ ಹೊಣೆ ದೇಸಿಯದ್ದು. ಗ್ರಾಹಕರಿಗೆ ಆ ಹೆಸರಿನ ಮೇಲೆ ನಂಬಿಕೆ ಬಂತು. ಆ ಹೆಸರಿನಿಂದ ಬಂದ ಲಾಭವೂ ಹೊಲಿದವರ ಕಡೆಗೇ ತಿರುಗಿತು.

ಮೂರನೆಯ ಪಾಠ ಕಹಿಯದು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಉಪವಾಸ ಸತ್ಯಾಗ್ರಹ ಮಾಡಿದರು. 2020ರಲ್ಲಿ, ಕೊರೊನಾ ಕಾಲದಲ್ಲಿ, ಚರಕ ತಾನು ತೀವ್ರ ಹಣಕಾಸಿನ ಸಂಕಷ್ಟದಲ್ಲಿ ಇರುವುದಾಗಿ ಬಹಿರಂಗವಾಗಿ ಹೇಳಿಕೊಂಡಿತು. ಎರಡು ದಶಕದ ಅನುಭವ, ಒಳ್ಳೆಯ ಹೆಸರು, ನಿಷ್ಠ ಗ್ರಾಹಕರು ಇದ್ದ ಸಂಸ್ಥೆಗೇ ಹೀಗಾಗಬಹುದಾದರೆ ನಿನ್ನೆ ಮೊನ್ನೆ ಇನ್‌ಸ್ಟಾಗ್ರಾಂ ಪೇಜ್ ತೆರೆದವರ ಗತಿಯೇನು? ಹಾಗಾಗಿ ಡಿಸೈನ್ ಮಾತಾಡುವ ಮೊದಲು ಲೆಕ್ಕ ಮಾತಾಡಬೇಕು.

ಹತ್ತು ಕುರ್ತಾದ ಲೆಕ್ಕ

ಉದಾಹರಣೆಗೆ ಒಂದು ಕುರ್ತಾ ತೆಗೆದುಕೊಳ್ಳೋಣ. ಬಟ್ಟೆ ಎರಡೂವರೆ ಮೀಟರ್, ಮೀಟರಿಗೆ 180 ರೂಪಾಯಿಯಂತೆ 450. ಹೊಲಿಗೆ 200. ಗುಂಡಿ, ದಾರ, ಲೇಬಲ್, ಕವರ್ ಸೇರಿ 50. ಒಟ್ಟು 700 ರೂಪಾಯಿ. ಹೆಚ್ಚಿನವರು ಇದಕ್ಕೆ ನೂರು ಸೇರಿಸಿ 800ಕ್ಕೆ ಮಾರುತ್ತಾರೆ. ‘ಒಂದಕ್ಕೆ ನೂರು ರೂಪಾಯಿ ಲಾಭ’ ಎಂಬ ಖುಷಿ.

ಈಗ ಹತ್ತು ಕುರ್ತಾ ಹೊಲಿಸಿದಿರಿ ಎಂದುಕೊಳ್ಳಿ. ಖರ್ಚು 7,000. ಎಲ್ಲ ಸೈಜೂ, ಎಲ್ಲ ಬಣ್ಣವೂ ಮಾರಾಟ ಆಗುವುದಿಲ್ಲ. ಎಂಟು ಹೋದವು, ಎರಡು ಬೀರುವಿನಲ್ಲಿ ಉಳಿದವು. ಎಂಟರಿಂದ ಬಂದದ್ದು 6,400. ಲಾಭದ ಮಾತು ಹಾಗಿರಲಿ, ಕೈಯಿಂದ 600 ರೂಪಾಯಿ ಹೋಯಿತು. ನಿಮ್ಮ ಸಮಯದ ಕೂಲಿ, ಕರೆಂಟು ಬಿಲ್ಲು, ಮೆಷಿನ್ ರಿಪೇರಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಅದನ್ನೂ ಸೇರಿಸೋಣ. ಕಟಿಂಗ್, ಫೋಟೊ, ಗ್ರಾಹಕರ ಜೊತೆ ಮಾತುಕತೆಗೆ ನಿಮ್ಮ ಕೂಲಿ ಹತ್ತಕ್ಕೆ 1,000. ಬಾಡಿಗೆ, ಕರೆಂಟು ಮುಂತಾದವಕ್ಕೆ 600. ಒಟ್ಟು 8,600. ಎಂಟೇ ಮಾರಾಟವಾಗುತ್ತವೆ ಎಂದು ಹಿಡಿದರೆ ಒಂದರ ಬೆಲೆ 1,075 ಆಗಬೇಕು. 1,100ಕ್ಕೆ ಮಾರಿದರೆ 200 ರೂಪಾಯಿ ಉಳಿಯುತ್ತದೆ. ಮಿಕ್ಕ ಎರಡು ಆಷಾಢದ ಸೇಲ್‌ನಲ್ಲಿ ಹೋದರೆ ಆಗ ಬರುವುದೇ ನಿಜವಾದ ಲಾಭ.

‘ಮಾಲ್‌ನಲ್ಲಿ 400ಕ್ಕೆ ಕುರ್ತಾ ಸಿಗುವಾಗ 1,100 ಯಾರು ಕೊಡುತ್ತಾರೆ?’ ಪ್ರಶ್ನೆ ಸರಿಯೇ. ಲಕ್ಷಗಟ್ಟಲೆ ಪೀಸ್ ತೆಗೆಯುವ ಫ್ಯಾಕ್ಟರಿಯ ಬೆಲೆಗೆ ನಾವು ಇಳಿಯಲು ಆಗುವುದೇ ಇಲ್ಲ, ಇಳಿಯಲೂಬಾರದು. ಫ್ಯಾಕ್ಟರಿಗೆ ಲೆಕ್ಕಕ್ಕಿಲ್ಲದ ಗ್ರಾಹಕರನ್ನು ನಾವು ಹುಡುಕಬೇಕು. ಜೇಬು ಇರುವ ಕುರ್ತಾ ಕೇಳಿ ಸುಸ್ತಾದ ಕಾಲೇಜು ಹುಡುಗಿಯರು, ರೆಡಿಮೇಡ್ ಸೈಜ್ ಹೊಂದದ ದಪ್ಪ ಮೈಯವರು, ಹಾಲೂಡಿಸುವ ತಾಯಂದಿರು, ಗುಳೇದಗುಡ್ಡದ ಖಣವನ್ನು ಇಂದಿನ ಕಟ್‌ನಲ್ಲಿ ತೊಡಬಯಸುವವರು. ಇವರಲ್ಲಿ ಯಾರಾದರೂ ಒಬ್ಬರನ್ನು ಆಯ್ದುಕೊಂಡರೆ ಅರ್ಧ ಡಿಸೈನ್ ತಾನಾಗಿಯೇ ಸಿದ್ಧವಾಗುತ್ತದೆ. ಎಲ್ಲರಿಗೂ ಎಲ್ಲವನ್ನೂ ಹೊಲಿಯಲು ಹೋದರೆ ಬೀರು ತುಂಬುತ್ತದೆ, ಅಷ್ಟೆ.

ಇನ್ನೊಂದು ಅಪಾಯ ಉದ್ದರಿ. ಅಂಗಡಿಯವರು ‘ಇಟ್ಟು ಹೋಗಿ, ಮಾರಾಟವಾದ ಮೇಲೆ ದುಡ್ಡು ಕೊಡ್ತೀವಿ’ ಎನ್ನುತ್ತಾರೆ. ಬಟ್ಟೆಗೆ ನಾವು ಮೊದಲೇ ನಗದು ಕೊಟ್ಟಿರುತ್ತೇವೆ, ಹೊಲಿದವರಿಗೆ ಶನಿವಾರ ಕೂಲಿ ಕೊಡಬೇಕು. ಹಣ ಬರುವುದು ಎರಡು ತಿಂಗಳ ನಂತರ. ಪುಸ್ತಕದಲ್ಲಿ ಲಾಭ ಕಾಣುತ್ತಿದ್ದರೂ ಕೈಯಲ್ಲಿ ಕಾಸಿಲ್ಲದೆ ಬಾಗಿಲು ಹಾಕುವ ಸ್ಥಿತಿ ಹೀಗೆಯೇ ಬರುತ್ತದೆ. ಮೊದಲ ವರ್ಷ ಮುಂಗಡ ಪಡೆದು ಆರ್ಡರ್ ಮೇಲೆ ಹೊಲಿಯುವುದು ಕ್ಷೇಮ.

ಹಣ, ತೆರಿಗೆ, ಹೆಸರು

ಬಂಡವಾಳಕ್ಕೆ ಚೀಟಿ ಎತ್ತುವುದು, ಒಡವೆ ಅಡ ಇಡುವುದು ಬಿಟ್ಟು ಬೇರೆ ದಾರಿಗಳಿವೆ. ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ ಜಾಮೀನಿಲ್ಲದ ಸಾಲವಿದೆ. ಪಿಎಂಇಜಿಪಿಯಲ್ಲಿ ಗ್ರಾಮೀಣ ಪ್ರದೇಶದ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ ಸಿಗುತ್ತದೆ. ಟೈಲರಿಂಗ್ ಮಾಡುವ ಕುಟುಂಬಗಳಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಅದರ 18 ಕಸುಬುಗಳಲ್ಲಿ ದರ್ಜಿಯೂ ಒಂದು. ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲ ಹಂತದಲ್ಲಿ 1 ಲಕ್ಷ ಸಾಲ. ಕೆಲಸ ಕಲಿಯಬೇಕೆಂದರೆ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇರುತ್ತದೆ. ಈ ಮಾದರಿ ಹುಟ್ಟಿದ್ದು ನಮ್ಮ ಉಜಿರೆಯಲ್ಲೇ, 1982ರಲ್ಲಿ, ರುಡ್‌ಸೆಟ್ ಹೆಸರಿನಲ್ಲಿ.

ತೆರಿಗೆಯೂ ತಿಳಿದಿರಬೇಕು. ರಾಜ್ಯದೊಳಗೆ ಬಟ್ಟೆ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18 ತೆರಿಗೆ. ನೋಂದಣಿ ಆದವರು ಬೆಲೆ 2,500ರ ಆಚೆ ಇಡುವ ಮೊದಲು ಎರಡು ಸಲ ಯೋಚಿಸಬೇಕು.

ಹೆಸರಿನ ವಿಷಯ ಎಲ್ಲಕ್ಕಿಂತ ಮುಖ್ಯ. ಪೇಜ್‌ಗೆ ಸಾವಿರಾರು ಫಾಲೋವರ್ಸ್ ಬಂದ ಮೇಲೆ ಅದೇ ಹೆಸರಿನಲ್ಲಿ ಬೇರೊಬ್ಬರು ಮಾರಲು ಶುರುಮಾಡಿದರೆ ಏನು ಮಾಡುವುದು? ಉಡುಪುಗಳಿಗೆ ಟ್ರೇಡ್‌ಮಾರ್ಕ್‌ನ 25ನೇ ವರ್ಗವಿದೆ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಶುಲ್ಕ 4,500 ರೂಪಾಯಿ. ನೋಂದಣಿಯಾದರೆ ಹತ್ತು ವರ್ಷ ಹೆಸರು ನಮ್ಮದು, ಮತ್ತೆ ನವೀಕರಿಸಬಹುದು.

ಹೊಲಿಯುವವರೂ ಲೆಕ್ಕದವರೂ ಸೇರಿದರೆ

ಬೆಂಗಳೂರಿನ ನಿಫ್ಟ್‌ನಲ್ಲಿ ಓದಿದವರಿಗೆ ಮಾತ್ರ ಇದು ಸಾಧ್ಯ ಎಂದು ಕೈಚೆಲ್ಲಬೇಕಿಲ್ಲ. ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ದುಡಿದ ಅಕ್ಕನಿಗೆ ಕಾಲರ್, ತೋಳು, ಫಿನಿಶಿಂಗ್, ಕ್ವಾಲಿಟಿ ಚೆಕ್ ಏನೆಂದು ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತು. ಆದರೆ ಅವರಲ್ಲಿ ಅನೇಕರಿಗೆ ಇಡೀ ಉಡುಪು ಒಬ್ಬರೇ ಮಾಡಿ ಅಭ್ಯಾಸವಿಲ್ಲ. ಲೈನ್‌ನಲ್ಲಿ ಒಂದೇ ಭಾಗ ಹೊಲಿಯುತ್ತಾರೆ. ಬೆಲೆ ಹಾಕುವ, ಕೊಳ್ಳುವವರ ಜೊತೆ ಮಾತಾಡುವ ಅವಕಾಶವಂತೂ ಸಿಕ್ಕಿರುವುದಿಲ್ಲ. ಬಿಕಾಂ ಓದಿದವರಿಗೆ ಲೆಕ್ಕ ಬರುತ್ತದೆ. ನಮ್ಮಂಥ ಬಿಇ ಹುಡುಗರಿಗೆ ಸ್ಟಾಕ್‌ನ ಎಕ್ಸೆಲ್ ಶೀಟ್ ಮಾಡುವುದು, ಯಾವ ಸೈಜು ಹೆಚ್ಚು ಹೋಗುತ್ತದೆ ಎಂದು ಹಿಂದಿನ ಮಾರಾಟ ನೋಡಿ ಹೇಳುವುದು, ಕ್ಯಾಡ್‌ನಲ್ಲಿ ಪ್ಯಾಟರ್ನ್ ಹೊಂದಿಸಿ ಬಟ್ಟೆ ಉಳಿಸುವುದು ದೊಡ್ಡ ಕೆಲಸವಲ್ಲ. ಹತ್ತು ಮೀಟರ್‌ನಲ್ಲಿ ಅರ್ಧ ಮೀಟರ್ ಉಳಿಸಿದರೂ ಮೇಲಿನ ಲೆಕ್ಕದಲ್ಲಿ 90 ರೂಪಾಯಿ.

ಇವರೆಲ್ಲ ಬೇರೆ ಬೇರೆಯಾಗಿ ಕೆಲಸ ಹುಡುಕುತ್ತಿದ್ದಾರೆ. ನಾಲ್ಕು ಜನ ಸೇರಿ, ಯಾರ ಪಾಲು ಎಷ್ಟು ಎಂದು ಮೊದಲೇ ಕಾಗದದ ಮೇಲೆ ಬರೆದುಕೊಂಡು ಶುರುಮಾಡಿದರೆ ಸೋಗಾನೆಯಂಥ ಊರಿನಿಂದಲೂ ಕೊರಿಯರ್ ಹೋಗುತ್ತದೆ. ಹೊಲಿದವರಿಗೆ ಕೂಲಿಯ ಜೊತೆ ಪಾಲೂ ಇರಬೇಕು. ಇಲ್ಲದಿದ್ದರೆ ನಾವು ಕಟ್ಟುವುದು ಇನ್ನೊಂದು ಚಿಕ್ಕ ಗಾರ್ಮೆಂಟ್ಸ್ ಅಷ್ಟೇ ಆಗುತ್ತದೆ.

ಆಸೆ ಇರುವವರು ಸಾಲದ ಅರ್ಜಿಗೂ ಲೋಗೊಗೂ ಮುಂಚೆ ಒಂದು ಕೆಲಸ ಮಾಡಿ. ಸೆಮಿಸ್ಟರ್ ರಜೆಯಲ್ಲಿ ಸಾಗರದ ಬಸ್ ಹತ್ತಿ ಭೀಮನಕೋಣೆಗೆ ಹೋಗಿ ಬನ್ನಿ. ಬಣ್ಣದ ಮನೆ, ಮಗ್ಗದ ಮನೆ ನೋಡಿ. ಮನೆಗೆ ಬಂದು ನಿಮ್ಮ ಹತ್ತು ಪೀಸ್‌ನ ಲೆಕ್ಕ ಬರೆಯಿರಿ. ಎರಡು ಪೀಸ್ ಮಾರಾಟವಾಗದೆ ಉಳಿದರೂ ಆ ಲೆಕ್ಕ ನಿಲ್ಲುತ್ತದೆ ಎಂದಾದರೆ ಮೆಷಿನ್‌ಗೆ ಎಣ್ಣೆ ಹಾಕಿ, ಶುರುಮಾಡಿ.