ನಿಮಗಿದು ಗೊತ್ತೆ? ದೋಟಿ ಹುಡುಕಿದ್ದು ಯಾರಿಗೆ ಗೊತ್ತಾಯಿತು?

● ಸುಳ್ಯದ ಕೃಷಿಕರೊಬ್ಬರು ಅಡಿಕೆ ಕೊಯ್ಲಿಗೆಂದು ಕಾರ್ಬನ್ ಫೈಬರ್ ದೋಟಿಯ ಬೆಲೆ ನೋಡುತ್ತಾರೆ. ಮರುದಿನ ಸುದ್ದಿತಾಣ ತೆರೆದರೆ ಅಲ್ಲೂ ದೋಟಿಯದೇ ಜಾಹೀರಾತು! ಇದು ಹೆಚ್ಚಾಗಿ ‘ಟ್ರ್ಯಾಕಿಂಗ್ ಕುಕಿ’ಗಳ ಕೆಲಸ.

● ಜಾಲತಾಣಗಳು ನಮ್ಮ ಬ್ರೌಸರ್‌ನಲ್ಲಿ ಉಳಿಸುವ ಪುಟ್ಟ ಮಾಹಿತಿಯೇ ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು.

● ಲಾಗಿನ್ ನೆನಪಿಡುವ ಕುಕಿಗಳಿಂದ ಅನುಕೂಲವೇ ಹೆಚ್ಚು. ಆದರೆ ಜಾಹೀರಾತು ಕಂಪನಿಗಳ ‘ಥರ್ಡ್ ಪಾರ್ಟಿ’ ಕುಕಿಗಳು ತಾಣದಿಂದ ತಾಣಕ್ಕೆ ನಮ್ಮ ಬೆನ್ನು ಹತ್ತುತ್ತವೆ.

● ಫೈರ್‌ಫಾಕ್ಸ್ 2019ರಿಂದ ಟ್ರ್ಯಾಕಿಂಗ್ ಕುಕಿಗಳನ್ನು ತಾನಾಗಿ ತಡೆಯುತ್ತಿದೆ. ಸಫಾರಿ 2020ರಿಂದ ಥರ್ಡ್ ಪಾರ್ಟಿ ಕುಕಿಗಳನ್ನೇ ಪೂರ್ತಿ ತಡೆದಿದೆ. ತನ್ನ ಕ್ರೋಮ್ ಬ್ರೌಸರ್‌ನಲ್ಲಿ ಅವನ್ನು ಕೈಬಿಡುವ ಯೋಜನೆಯಿಂದ ಗೂಗಲ್ 2024ರಲ್ಲಿ ಹಿಂದೆ ಸರಿಯಿತು.

● ಹೀಗೆ ಬೆನ್ನು ಹತ್ತುವುದು ಖಾಸಗಿತನದ ಪ್ರಶ್ನೆಯೂ ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

● ಪುತ್ತೂರು, ಕಡಬದ ಸೈಬರ್ ಸೆಂಟರ್‌ಗಳಲ್ಲಿ ಅರ್ಜಿ ತುಂಬಿಸಿದರೆ ಏಳುವ ಮುನ್ನ ಲಾಗೌಟ್ ಆಗಿ, ಕುಕಿ ಅಳಿಸಿ. ಮೊಬೈಲ್ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಥರ್ಡ್ ಪಾರ್ಟಿ ಕುಕೀಸ್’ ಬ್ಲಾಕ್ ಮಾಡಿ. ಕಂಡಕಂಡಲ್ಲಿ ‘ಆಕ್ಸೆಪ್ಟ್ ಆಲ್’ ಒತ್ತಬೇಡಿ.