ಪೆಟ್ಟಿಗೆಯಲ್ಲಿದ್ದ ‘ನೀನು’

ಸ್ಪೇನಿನ ಕವಿ ಪೇದ್ರೊ ಸಲಿನಾಸ್‌ರ ಪ್ರೇಮಕವಿತೆಗಳಲ್ಲಿ ಹೆಣ್ಣಿಗೆ ಹೆಸರಿಲ್ಲ, ಊರಿಲ್ಲ. ಇರುವುದು ಬರೀ ‘ನೀನು’. 1933ರಲ್ಲಿ ಬಂದ ‘ಲಾ ವೋಸ್ ಆ ತಿ ದೆಬಿದಾ’ ಸಂಕಲನ ಓದಿದವರೆಲ್ಲ ಕೇಳಿದ ಪ್ರಶ್ನೆ ಒಂದೇ: ಯಾರಪ್ಪಾ ಈಕೆ?

ಕವಿ ವೃತ್ತಿಯಲ್ಲಿ ಮೇಷ್ಟ್ರು. ಸೆವಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವಾಗ ಕವಿ ಲೂಯಿಸ್ ಸೆರ್ನುದಾ ಸಲಿನಾಸ್‌ರ ಶಿಷ್ಯರಾಗಿದ್ದರು. ಮಧ್ಯಯುಗದ ‘ಮಿಯೊ ಸಿದ್’ ಕಾವ್ಯವನ್ನು ಇಂದಿನ ಸ್ಪ್ಯಾನಿಷ್‌ಗೆ ತಂದರು, ಪ್ರೂಸ್ತ್‌ನನ್ನು ಅನುವಾದಿಸಿದರು. 1936ರಲ್ಲಿ ಅಮೆರಿಕಕ್ಕೆ ಹೋದವರು ಸ್ಪೇನಿನ ಅಂತರ್ಯುದ್ಧದಿಂದಾಗಿ ಅಲ್ಲೇ ಉಳಿದರು. ಮೊದಲು ವೆಲೆಸ್ಲಿ ಕಾಲೇಜು, 1940ರಿಂದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ.

ಹಾಪ್ಕಿನ್ಸ್‌ನಲ್ಲಿ ಆಗಲೇ ಲಿಯೊ ಸ್ಪಿಟ್ಜರ್ ಎಂಬ ಘಟಾನುಘಟಿ ಶೈಲಿಶಾಸ್ತ್ರಜ್ಞರಿದ್ದರು. 1941ರಲ್ಲಿ ಅವರು ಸಲಿನಾಸ್ ಕಾವ್ಯದ ಮೇಲೆ ದೊಡ್ಡ ಲೇಖನ ಬರೆದರು. ಈ ‘ನೀನು’ ಕವಿಯ ಮನಸ್ಸು ಹೆಣೆದ ಪರಿಕಲ್ಪನೆ, ಆಕೆಗೆ ಹೊರಗೆಲ್ಲೂ ಇರವಿಲ್ಲ ಎಂಬುದು ಅದರ ತಿರುಳು. ಅದೇ ವಿಶ್ವವಿದ್ಯಾಲಯದಲ್ಲಿದ್ದ ಕವಿಯನ್ನೇ ಕೇಳಬಹುದಿತ್ತಲ್ಲ ಎನ್ನಬೇಡಿ. ಪಠ್ಯವನ್ನೇ ನಂಬಿ ಕೂತ ವಿಮರ್ಶಕನಿಗೆ ಅದು ಶೋಭೆಯಲ್ಲ. ಲೇಖನ ಬಹುಕಾಲ ಪ್ರಮಾಣವೆನಿಸಿಕೊಂಡಿತು. ಸಲಿನಾಸ್ 1951ರಲ್ಲಿ ಬೋಸ್ಟನ್ನಿನಲ್ಲಿ ತೀರಿಕೊಂಡರು.

‘ನೀನು’ ಮಾತ್ರ ಅಲ್ಲಿಗೆ ಬಹಳ ದೂರದಲ್ಲೇನೂ ಇರಲಿಲ್ಲ. ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ ಕ್ಯಾಥರೀನ್ ವಿಟ್ಮೋರ್ ಆಕೆ. 1932ರ ಬೇಸಿಗೆಯಲ್ಲಿ ಮ್ಯಾಡ್ರಿಡ್‌ಗೆ ಹೋಗಿದ್ದಾಗ ಸಲಿನಾಸ್‌ರ ತರಗತಿಯಲ್ಲಿ ಕೂತಿದ್ದರು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಪತ್ರಗಳು ಬಂದವು. ಕವಿಗೆ ಮನೆಯಲ್ಲಿ ಹೆಂಡತಿ ಮಾರ್ಗರೀತಾ, ಇಬ್ಬರು ಮಕ್ಕಳು. ಗುಟ್ಟು ತಿಳಿದ ಮಾರ್ಗರೀತಾ ಪ್ರಾಣ ಕಳೆದುಕೊಳ್ಳಲು ಹೊರಟಾಗ ಕ್ಯಾಥರೀನ್ ಹಿಂದೆ ಸರಿದರು. ಆಮೇಲೆ ಬೇರೆಯವರನ್ನು ಮದುವೆಯಾದರು. ಪತ್ರಗಳನ್ನು ಮಾತ್ರ ಸುಡಲಿಲ್ಲ.

1979ರಲ್ಲಿ ಆ ಕಂತೆಯನ್ನು ಹಾರ್ವರ್ಡ್‌ನ ಹೌಟನ್ ಗ್ರಂಥಾಲಯಕ್ಕೆ ಒಪ್ಪಿಸಿದರು, 20 ವರ್ಷ ಯಾರಿಗೂ ತೋರಿಸಬಾರದೆಂಬ ಷರತ್ತಿನ ಮೇಲೆ. ಗಡುವು ಮುಗಿದು ಪೆಟ್ಟಿಗೆ ತೆರೆದಾಗ ಮುನ್ನೂರಕ್ಕೂ ಹೆಚ್ಚು ಪತ್ರಗಳಿದ್ದವು, ಜೊತೆಗೆ ಕವಿತೆಗಳೂ. ಎನ್ರಿಕ್ ಬೋವ್ ಆಯ್ದು ಸಂಪಾದಿಸಿದ ಸಂಪುಟ 2002ರಲ್ಲಿ ಅಚ್ಚಾಯಿತು. ಪತ್ರ ಬರೆಯುವ ಕಲೆಯ ಪರವಾಗಿ ‘ಎಲ್ ದೆಫೆನ್ಸೋರ್’ ಎಂಬ ಪ್ರಬಂಧಸಂಕಲನದಲ್ಲಿ ಸಲಿನಾಸ್ ಅಷ್ಟುದ್ದ ವಾದ ಮಾಡಿದ್ದು ಯಾವ ಅನುಭವದ ಬಲದಿಂದ ಎಂಬುದು ಆಗ ಹೊಳೆಯಿತು.

ಹಾಗಾದರೆ ಸ್ಪಿಟ್ಜರ್ ಸೋತರೇ? ಪೂರ್ತಿ ಸೋತರೆನ್ನಲು ನನಗೆ ಮನಸ್ಸಿಲ್ಲ. ಸಂಪುಟದಲ್ಲಿರುವುದು ಸಲಿನಾಸ್‌ರ ಪತ್ರಗಳು. ಕ್ಯಾಥರೀನ್‌ರ ದನಿ ಕೇಳುವುದು ಪತ್ರಗಳ ಜೊತೆಗೆ ತಾನೇ ಬರೆದಿಟ್ಟ ಒಂದು ಚಿಕ್ಕ ನೆನಪಿನ ಬರಹದಲ್ಲಿ. ಅದರಲ್ಲಿ ಕಾಣುವವರು ಸಂಕೋಚದ, ವಿವೇಕದ, ತನ್ನ ಕೆಲಸವನ್ನು ಪ್ರೀತಿಸುವ ಅಧ್ಯಾಪಕಿ. ಕವಿತೆಯ ‘ನೀನು’ವಿಗೂ ಆಕೆಗೂ ಹೋಲಿಕೆ ಅಷ್ಟಕ್ಕಷ್ಟೇ.